ನೆಲದೊಳಗಿಂದ ಎದ್ದುಬರುವ ಆರ್ಗನ್

ಸದ್ದು ಕಿವಿಗೆ ಬೀಳುವ ಮೊದಲೇ ಅಂಗೈಗೆ ಗೊತ್ತಾಗಿತ್ತು. ಕುರ್ಚಿಯ ಹಿಡಿಯ ಮೇಲಿಟ್ಟಿದ್ದ ಕೈಗೆ ಸಣ್ಣದೊಂದು ನಡುಕ ತಾಗಿತು. ರೈಲು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತವರಿಗೆ ಇನ್ನೂ ಕಣ್ಣಿಗೆ ಕಾಣದ ಗೂಡ್ಸ್ ಗಾಡಿ ತಿಳಿಯುವ ಹಾಗೆ. ಅಟ್ಲಾಂಟಾದ ಪೀಚ್‌ಟ್ರೀ ಬೀದಿಯಲ್ಲಿರುವ ಫಾಕ್ಸ್ ಥಿಯೇಟರಿನಲ್ಲಿ ಬೇಸಿಗೆಯ ದಿನಗಳಲ್ಲಿ ಸಿನಿಮಾ ತೋರಿಸುತ್ತಾರೆ, ಮಕ್ಕಳಿಗೆ ಹಿಡಿಸುತ್ತದೆ ಎಂದು ಯಾರೋ ಹೇಳಿದ್ದರು. ಎಂಟು ವರ್ಷದ ಮಗಳನ್ನು ಕರೆದುಕೊಂಡು ಹೋಗಿದ್ದೆ. ತಲೆಯ ಮೇಲೆ ಮುಸ್ಸಂಜೆಯ ಆಕಾಶವಿತ್ತು. ಬಣ್ಣ ಬಳಿದ ಚಾವಣಿ ಎಂದು ಗೊತ್ತಿದ್ದರೂ ನಕ್ಷತ್ರಗಳು ಮಿನುಗುತ್ತಿದ್ದವು, ಮೋಡಗಳು ನಿಧಾನವಾಗಿ ಸಾಗುತ್ತಿದ್ದವು. ಸುತ್ತಲೂ ಪಾಪ್‌ಕಾರ್ನ್ ವಾಸನೆ, ಕುರ್ಚಿ ಹುಡುಕುವವರ ಗಲಿಬಿಲಿ. ಅಷ್ಟರಲ್ಲಿ ವೇದಿಕೆಯ ಮುಂದಿನ ತಗ್ಗಿನಿಂದ ಒಂದು ವಾದ್ಯ ತಾನಾಗಿ ಮೇಲೆದ್ದು ಬಂತು. ಕುದುರೆಯ ಲಾಳದ ಹಾಗೆ ಬಾಗಿದ ಮೈ, ಒಂದರ ಮೇಲೊಂದು ಮೆಟ್ಟಿಲಿನಂತೆ ನಾಲ್ಕು ಕೀಲಿಮಣೆ, ಅವುಗಳ ಸುತ್ತ ಬಣ್ಣಬಣ್ಣದ ನೂರಾರು ಸಣ್ಣ ನಾಲಗೆಗಳು. ನಮಗೆ ಬೆನ್ನು ಮಾಡಿ ಕುಳಿತ ಒಬ್ಬ ಮನುಷ್ಯ ಅದನ್ನು ನುಡಿಸುತ್ತಲೇ ಮೇಲೆ ಬಂದರು. ಅವರ ಕೈ ಮಾತ್ರವಲ್ಲ, ಕಾಲುಗಳೂ ಕೆಳಗಿನ ಮರದ ಪಟ್ಟಿಗಳ ಮೇಲೆ ಅತ್ತಿಂದಿತ್ತ ಓಡಾಡುತ್ತಿದ್ದವು.

ಪರದೆಯ ಮೇಲೆ ಹಳೆಯ ಹಾಡುಗಳ ಸಾಲುಗಳು ಮೂಡಿದವು. ಪಕ್ಕದಲ್ಲಿದ್ದ ವಯಸ್ಸಾದ ದಂಪತಿ ಸಂಕೋಚವಿಲ್ಲದೆ ಹಾಡತೊಡಗಿದರು. ಹಿಂದಿನ ಸಾಲಿನ ಹುಡುಗರೂ ಹಾಡಿದರು. ಒಂದು ಹಾಡೂ ಗೊತ್ತಿಲ್ಲದ ನಾನು ಸುಮ್ಮನೆ ತುಟಿ ಆಡಿಸಿದೆ. ಕೊನೆಯ ಹಾಡು ಮುಗಿಯುವ ಹೊತ್ತಿಗೆ ವಾದ್ಯ ಮತ್ತೆ ಕೆಳಗಿಳಿಯತೊಡಗಿತು. ಆ ಮನುಷ್ಯ ನುಡಿಸುತ್ತಲೇ ಇದ್ದರು. ಮೊದಲು ಕೀಲಿಮಣೆ ಮರೆಯಾಯಿತು, ಆಮೇಲೆ ಅವರ ಹೆಗಲು, ಕೊನೆಗೆ ತಲೆ. ಸದ್ದು ಮಾತ್ರ ಗೋಡೆಗಳಿಂದ ಬರುತ್ತಲೇ ಇತ್ತು. ಮಗಳು ಕುರ್ಚಿಯ ಮೇಲೆ ಮೊಣಕಾಲೂರಿ ಬಗ್ಗಿ ನೋಡಿದಳು. "ಅಮ್ಮಾ, ಅದನ್ನು ಯಾಕೆ ಒಳಗೆ ಹಾಕಿದರು?" ಎಂದು ಕೇಳಿದಳು. ನನ್ನ ಹತ್ತಿರ ಉತ್ತರವಿರಲಿಲ್ಲ.

ಆ ದಿನದ ಸಿನಿಮಾ ಯಾವುದೆಂದು ಈಗ ನೆನಪಿಲ್ಲ. ಮನೆಗೆ ಬರುವಾಗ ಕಾರಿನ ಹಿಂದಿನ ಸೀಟಿನಿಂದ ಮಗಳು ಆ ವಾದ್ಯದ ಹೆಸರು ಕೇಳಿದ್ದು ನೆನಪಿದೆ. "ಆರ್ಗನ್ನು" ಎಂದೆ. ಕೊನೆಯಲ್ಲಿ ಒತ್ತಿ ಬರುವ ಆ ಉಕಾರ ನನ್ನದಲ್ಲ, ಅಜ್ಜನದು. ಇಪ್ಪತ್ತು ವರ್ಷಗಳಿಂದ ಬಾಯಿಗೆ ಬಾರದಿದ್ದ ಪದ ಅವನ ಉಚ್ಚಾರದಲ್ಲೇ ಹೊರಗೆ ಬಂದಿತ್ತು.

ಅಜ್ಜನ ಆರ್ಗನ್ನು

ನಮ್ಮ ಕಡೆಯ ನಾಟಕ ಕಂಪನಿಗಳಲ್ಲಿ ಕಾಲಿನಿಂದ ತುಳಿದು ಗಾಳಿ ತುಂಬುವ ಪೇಟಿಗೆ ಆರ್ಗನ್ ಎನ್ನುತ್ತಿದ್ದರು. ಕೆಲವರು ಲೆಗ್ ಹಾರ್ಮೋನಿಯಂ ಎಂದೂ ಕರೆಯುತ್ತಿದ್ದರು. ಅಜ್ಜ ಒಂದು ಸಣ್ಣ ಕಂಪನಿಯ ಪೇಟಿ ಮಾಸ್ತರ. ಬನಶಂಕರಿ ಜಾತ್ರೆಗೆ ಕಂಪನಿಗಳು ಬಂದು ತಿಂಗಳುಗಟ್ಟಲೆ ಬೀಡುಬಿಡುತ್ತಿದ್ದ ಕಾಲ ಅದು. ನನಗೆ ಏಳೋ ಎಂಟೋ ವರ್ಷ. ಬನದ ಹುಣ್ಣಿಮೆಯ ಚಳಿಗೆ ತಗಡಿನ ಥಿಯೇಟರ್ ಒಳಗೆಲ್ಲ ಮಂಜು ಇಳಿದ ಹಾಗಿರುತ್ತಿತ್ತು. ಜನರ ನಡುವೆ ಕೂರಿಸಿದರೆ ಕಳೆದುಹೋಗುತ್ತೇನೆ ಎಂದು ಅಜ್ಜ ನನ್ನನ್ನು ರಂಗದ ಮುಂದಿನ ತಗ್ಗಿನಲ್ಲಿ, ಆರ್ಗನ್ನಿಗೆ ಒರಗಿಸಿ, ಜಮಖಾನೆಯ ಮೇಲೆ ಕೂರಿಸುತ್ತಿದ್ದ. ಅಲ್ಲಿಂದ ನಾಟಕ ಕಾಣುತ್ತಿರಲಿಲ್ಲ. ರಾಜನ ಕಿರೀಟದ ತುದಿ, ಹಾಸ್ಯಗಾರನ ಕೋಲು, ಝಗಝಗಿಸುವ ಪರದೆಯ ಕೆಳ ಅಂಚು ಇಷ್ಟೇ. ಎದುರಿಗೆ, ಮೂಗಿಗೆ ತಾಗುವಷ್ಟು ಹತ್ತಿರದಲ್ಲಿ, ಅಜ್ಜನ ಕಾಲುಗಳಿದ್ದವು.

ಬರಿಗಾಲು. ಹಿಮ್ಮಡಿ ಬಿರುಕು ಬಿಟ್ಟಿತ್ತು. ಎರಡು ಹಲಗೆಗಳ ಮೇಲೆ ಒಂದಾದ ಮೇಲೊಂದು ಏರಿ ಇಳಿಯುತ್ತಿದ್ದವು. ಹಲಗೆ ಕೆಳಗೆ ಹೋದಾಗಲೆಲ್ಲ ಒಳಗಿನಿಂದ ತಿದಿಯ ಉಸಿರು ಕೇಳುತ್ತಿತ್ತು, ಮಲಗಿದ ಎತ್ತಿನ ಉಸಿರಿನ ಹಾಗೆ. ಮೂರನೆಯ ಗಂಟೆ ಹೊಡೆದು ನಾಂದಿ ಶುರುವಾದರೆ ಬೆಳಗಿನ ಜಾವದ ಮಂಗಳದವರೆಗೂ ಆ ಉಸಿರು ನಿಲ್ಲುತ್ತಿರಲಿಲ್ಲ. ಮಾತಿನ ದೃಶ್ಯ ಬಂದಾಗ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಎಲೆ ಅಡಿಕೆ ಮಡಚುತ್ತಿದ್ದ, ಕಾಲು ಮಾತ್ರ ಮೆಲ್ಲಗೆ ತುಳಿಯುತ್ತಲೇ ಇರುತ್ತಿತ್ತು. ಯಾಕೆ ಎಂದು ಒಮ್ಮೆ ಕೇಳಿದ್ದೆ. "ನಟ ಯಾವ ಕ್ಷಣದಲ್ಲಿ ಹಾಡಿಗೆ ಏಳುತ್ತಾನೋ ಗೊತ್ತಿಲ್ಲ ತಂಗೀ. ಅವನು ಬಾಯಿ ತೆರೆದಾಗ ನನ್ನ ಪೇಟಿಯಲ್ಲಿ ಗಾಳಿ ಇಲ್ಲದಿದ್ದರೆ ಅವನ ಮಾನ ಹೋಗುತ್ತದೆ" ಎಂದಿದ್ದ. ಇನ್ನೊಬ್ಬರ ಮಾನ ತನ್ನ ಕಾಲಿನಲ್ಲಿದೆ ಎಂದು ನಂಬಿ ಇಡೀ ರಾತ್ರಿ ತುಳಿಯುವ ಮನುಷ್ಯನನ್ನು ನಾನು ಆಮೇಲೆ ಎಲ್ಲಿಯೂ ಕಂಡಿಲ್ಲ. ಒಂದು ರಾತ್ರಿ ನಾಯಕಿಯ ಪಾತ್ರದವರಿಗೆ ಹಾಡಿನ ಎರಡನೆಯ ನುಡಿ ಮರೆತುಹೋಯಿತು. ಅಜ್ಜ ಅವರ ಮುಖವನ್ನು ನೋಡಿಯೇ ತಿಳಿದ, ಸ್ವರವನ್ನು ಸುತ್ತಿ ಸುತ್ತಿ ಮತ್ತೆ ಅಲ್ಲಿಗೇ ತಂದ, ಒಳಗಿನವರು ಸಾಲನ್ನು ಎತ್ತಿಕೊಡುವವರೆಗೂ ಬಿಡಲಿಲ್ಲ. ಜನ ಅದನ್ನು ಅಜ್ಜನ ಕೈಚಳಕ ಎಂದು ತಿಳಿದು ಒನ್ಸ್ ಮೋರ್ ಕೂಗಿದರು.

ಫಾಕ್ಸ್ ಥಿಯೇಟರಿನ ಆ ಮನುಷ್ಯ ನಮಗೆ ಬೆನ್ನು ಮಾಡಿ, ಕಾಲು ಆಡಿಸುತ್ತ ನೆಲದೊಳಗಿಂದ ಎದ್ದುಬಂದಾಗ ನನ್ನೊಳಗೆ ಏನೋ ಕದಲಿದ್ದು ಇದಕ್ಕೇ ಇರಬೇಕು. ಎರಡು ವಾದ್ಯಗಳೂ ಒಂದೇ ಅಲ್ಲವೆಂದು ಬಲ್ಲೆ. ಅಜ್ಜನದರಲ್ಲಿ ಹಿತ್ತಾಳೆಯ ತೆಳು ನಾಲಗೆಗಳು ಗಾಳಿಗೆ ಅದುರಿ ಸ್ವರ ಬರುತ್ತದೆ. ಇಲ್ಲಿ ಕೊಳವೆಗಳು, ಅಂದರೆ ದೈತ್ಯ ಕೊಳಲುಗಳು, ತುತ್ತೂರಿಗಳು. ಅವರ ಕಾಲು ಗಾಳಿ ತುಂಬುತ್ತಲೂ ಇರಲಿಲ್ಲ, ಮಂದ್ರದ ಸ್ವರಗಳನ್ನು ನುಡಿಸುತ್ತಿತ್ತು. ಗಾಳಿ ಊದಲು ಬೇರೆಯೇ ವಿದ್ಯುತ್ ಯಂತ್ರವಿದೆ. ಆದರೂ ಗಾಳಿಯನ್ನು ತೊಗಲಿನಲ್ಲಿ ಹಿಡಿದಿಟ್ಟು, ಬೇಕಾದಾಗ ಬೇಕಾದಷ್ಟೇ ಬಿಡುವ ವಿದ್ಯೆ ಎರಡಕ್ಕೂ ಒಂದೇ.

ಗೋಡೆಯ ಹಿಂದೆ

ಆ ರಾತ್ರಿಯಿಂದ ಈ ವಾದ್ಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದೆ. ಅದಕ್ಕೆ ಅಲ್ಲಿನವರು ಪ್ರೀತಿಯಿಂದ ಇಟ್ಟ ಹೆಸರು ಮೈಟಿ ಮೋ. ಮೇರಿಲ್ಯಾಂಡಿನ ಹೇಗರ್ಸ್‌ಟೌನ್‌ನಲ್ಲಿದ್ದ ಎಂ.ಪಿ. ಮೊಲರ್ ಎಂಬ ಕಂಪನಿ 1929ರಲ್ಲಿ ಮಾಡಿದ್ದು. ಬೆಲೆ 42,000 ಡಾಲರ್. ಒಟ್ಟು 3,622 ಕೊಳವೆಗಳು, 42 ಸಾಲುಗಳಲ್ಲಿ. ಸಾಲು ಎಂದರೆ ಒಂದೇ ಬಗೆಯ ದನಿಯ ಕೊಳವೆಗಳ ಕುಟುಂಬ. ಕೊಳಲಿನ ದನಿಯದೊಂದು ಸಾಲು, ತುತ್ತೂರಿಯದೊಂದು, ತಂತಿವಾದ್ಯವನ್ನು ಹೋಲುವುದೊಂದು, ಮನುಷ್ಯರ ಕಂಠವನ್ನು ಅನುಕರಿಸುವುದೊಂದು, ಹೀಗೆ. ನ್ಯೂಯಾರ್ಕಿನ ರೇಡಿಯೊ ಸಿಟಿ ಮ್ಯೂಸಿಕ್ ಹಾಲಿನದನ್ನು ಬಿಟ್ಟರೆ ಥಿಯೇಟರ್ ಆರ್ಗನ್‌ಗಳಲ್ಲಿ, ಅಂದರೆ ಮೂಕಿ ಚಿತ್ರಗಳಿಗೆ ಸಂಗೀತ ಕೊಡಲೆಂದು ಹುಟ್ಟಿದ ಆರ್ಗನ್‌ಗಳಲ್ಲಿ, ಇದೇ ದೊಡ್ಡದು ಎನ್ನುತ್ತಾರೆ. ನಾವು ನೋಡುವುದು ನೆಲದಿಂದ ಏಳುವ, ಕೀಲಿಮಣೆಗಳಿರುವ ಮೇಜನ್ನು ಮಾತ್ರ. ವಾದ್ಯ ಎನ್ನುವುದೆಲ್ಲ ಗೋಡೆಗಳ ಹಿಂದಿನ ಕೋಣೆಗಳಲ್ಲಿ ಅಡಗಿದೆ. ಪೆನ್ನಿನಷ್ಟು ಸಣ್ಣ ಕೊಳವೆಗಳಿಂದ ಹಿಡಿದು ತೆಂಗಿನ ಮರದಂತೆ ನಿಂತವುಗಳವರೆಗೂ ಅಲ್ಲಿವೆ. ಹದಿನಾರು ಅಡಿಯ ಕೊಳವೆಯೊಂದು ಸೆಕೆಂಡಿಗೆ ಮೂವತ್ತೆರಡು ಮೂವತ್ತಮೂರು ಬಾರಿ ಗಾಳಿಯನ್ನು ಅದುರಿಸುತ್ತದೆ. ಅಷ್ಟು ತಗ್ಗಿನ ಸ್ವರವನ್ನು ಕಿವಿಗಿಂತ ಮೈ ಚೆನ್ನಾಗಿ ಕೇಳುತ್ತದೆ. ನನ್ನ ಅಂಗೈಗೆ ತಾಗಿದ್ದು ಅದೇ.

ಚರ್ಚಿನ ಹಳೆಯ ಆರ್ಗನ್‌ಗಳಲ್ಲಿ ಕೀ ಒತ್ತಿದರೆ ಮರದ ಕಡ್ಡಿಗಳ ಮೂಲಕ ಆ ಒತ್ತಡ ಕೊಳವೆಯವರೆಗೂ ಹೋಗಬೇಕಿತ್ತು. ಆದ್ದರಿಂದ ನುಡಿಸುವವರು ಕೊಳವೆಗಳ ಬುಡದಲ್ಲೇ ಕೂರಬೇಕು. ಇದನ್ನು ಬದಲಿಸಿದವರಲ್ಲಿ ಮುಖ್ಯರು ರಾಬರ್ಟ್ ಹೋಪ್-ಜೋನ್ಸ್ ಎಂಬ ಇಂಗ್ಲೆಂಡಿನವರು. ಟೆಲಿಫೋನ್ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದವರು. ಟೆಲಿಫೋನಿನ ತಂತಿಗಳ ನಡುವೆ ಬೆಳೆದ ಬುದ್ಧಿ ಆರ್ಗನ್ನಿನ ಕಡೆ ತಿರುಗಿತು. ಕೀ ಒತ್ತಿದರೆ ತಂತಿಯಲ್ಲಿ ವಿದ್ಯುತ್ ಹರಿಯುತ್ತದೆ, ದೂರದ ಕೋಣೆಯಲ್ಲಿ ಒಂದು ಸಣ್ಣ ಅಯಸ್ಕಾಂತ ಎಚ್ಚರಗೊಳ್ಳುತ್ತದೆ, ಗುಂಡಿಯಷ್ಟು ಅಗಲದ ತೊಗಲಿನ ಚೀಲವೊಂದು ಕುಗ್ಗುತ್ತದೆ, ಮುಚ್ಚಳ ಸರಿಯುತ್ತದೆ, ಗಾಳಿ ಕೊಳವೆಗೆ ನುಗ್ಗುತ್ತದೆ. ಇಷ್ಟೆಲ್ಲ ಕಣ್ಣೆವೆ ಮುಚ್ಚಿ ತೆರೆಯುವುದಕ್ಕೆ ಮೊದಲೇ ಆಗಿಬಿಡುತ್ತದೆ. ಹೀಗಾದ ಮೇಲೆ ನುಡಿಸುವವರು ಎಲ್ಲಿ ಬೇಕಾದರೂ ಕೂರಬಹುದು, ಮೇಜನ್ನು ಲಿಫ್ಟಿನ ಮೇಲಿಟ್ಟು ಏರಿಸಿ ಇಳಿಸಬಹುದು. ಒಂದೇ ಸಾಲಿನ ಕೊಳವೆಗಳನ್ನು ಹಲವು ಕೀಲಿಮಣೆಗಳಿಂದ, ಹಲವು ಎತ್ತರಗಳಲ್ಲಿ ನುಡಿಸುವ ಉಪಾಯವನ್ನೂ ಅವರು ಬೆಳೆಸಿದರು. 1910ರಲ್ಲಿ ವಾದ್ಯಗಳನ್ನು ಮಾಡುವ ವುರ್ಲಿಟ್ಜರ್ ಕಂಪನಿ ಸೇರಿದರು, ಅಲ್ಲಿ ನೆಮ್ಮದಿ ಕಾಣಲಿಲ್ಲ, 1914ರಲ್ಲಿ ಪ್ರಾಣವನ್ನು ತಾವೇ ತೆಗೆದುಕೊಂಡರು. ಅವರ ಕಲ್ಪನೆಯ ವಾದ್ಯ ಅಮೆರಿಕದ ಊರೂರಿನ ಥಿಯೇಟರುಗಳನ್ನು ತುಂಬಿದ್ದು ಆಮೇಲೆ. ಅವರ ಬಗ್ಗೆ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಥಿಯೇಟರ್ ಆರ್ಗನ್ನಿನ ಇನ್ನೊಂದು ವಿಶೇಷವೆಂದರೆ ಅದರೊಳಗಿನ ಆಟಿಕೆಗಳು. ಮೂಕಿ ಚಿತ್ರಕ್ಕೆ ಬರಿಯ ಸಂಗೀತ ಸಾಲದು. ಕುದುರೆ ಓಡಬೇಕು, ಬಾಗಿಲ ಗಂಟೆ ಬಾರಿಸಬೇಕು, ಬಿರುಗಾಳಿ ಏಳಬೇಕು. ಡ್ರಮ್ಮು, ತಾಳ, ಸೈಲೊಫೋನ್, ಕಾರಿನ ಹಾರನ್ನು, ಗೊರಸಿನ ಸದ್ದು ಎಲ್ಲವೂ ನಿಜವಾದ ವಸ್ತುಗಳು. ಗಾಳಿಯ ಬಲದಿಂದಲೇ ಬಡಿಯುತ್ತವೆ, ಊದುತ್ತವೆ. ನನಗೆ ಬಹಳ ಹಿಡಿಸಿದ್ದು ಹಕ್ಕಿಯ ದನಿ. ಸಣ್ಣ ಕೊಳವೆಗಳನ್ನು ಬಗ್ಗಿಸಿ ಅವುಗಳ ಬಾಯಿಯನ್ನು ಪುಟ್ಟ ಬಟ್ಟಲಿನ ನೀರಿನಲ್ಲಿ ಮುಳುಗಿಸಿಡುತ್ತಾರೆ. ಗಾಳಿ ಬಂದಾಗ ನೀರು ಕಲಕಿ, ಸ್ವರ ನಡುಗಿ, ಹಕ್ಕಿ ಕೂಗಿದಂತಾಗುತ್ತದೆ. ಜಾತ್ರೆಯಲ್ಲಿ ಮಣ್ಣಿನ ಪೀಪಿಗೆ ನೀರು ತುಂಬಿ ಊದಿದ ಯಾವ ಮಗುವಿಗೂ ಇದನ್ನು ವಿವರಿಸಬೇಕಾಗಿಲ್ಲ.

ಕಾಲ ಮುಗಿದ ಮೇಲೆ ಬಂದದ್ದು

ಇಷ್ಟು ತಿಳಿದ ಮೇಲೆ ಒಂದು ವಿಷಯ ನನ್ನನ್ನು ಕೊರೆಯತೊಡಗಿತು. ಮಾತನಾಡುವ ಸಿನಿಮಾ ಅಮೆರಿಕದಲ್ಲಿ ಬೇರೂರಿದ್ದು 1927ರಿಂದ. ಫಾಕ್ಸ್ ಥಿಯೇಟರಿನ ಬಾಗಿಲು ತೆರೆದದ್ದು 1929ರ ಡಿಸೆಂಬರ್ 25ರಂದು. ಅಂದರೆ ಮೂಕಿ ಚಿತ್ರಗಳಿಗಾಗಿ ಹುಟ್ಟಿದ ಈ ವಾದ್ಯ ಮೂಕಿ ಚಿತ್ರಗಳ ಕಾಲ ಮುಗಿದ ಮೇಲೆ ಇಲ್ಲಿಗೆ ಬಂತು. ಥಿಯೇಟರಿಗೆ ಹೆಸರು ಕೊಟ್ಟ ವಿಲಿಯಂ ಫಾಕ್ಸ್ ಅವರೇ ಫಿಲ್ಮಿನ ಪಟ್ಟಿಯ ಮೇಲೆ ಸದ್ದನ್ನು ಅಚ್ಚು ಮಾಡುವ ಮೂವಿಟೋನ್ ತಂತ್ರದ ಹಿಂದಿದ್ದವರು. ಉದ್ಘಾಟನೆಯ ದಿನ ತೋರಿಸಿದ್ದರಲ್ಲಿ ಸದ್ದು ಸೇರಿಸಿದ ಮಿಕ್ಕಿ ಮೌಸ್ ಕಾರ್ಟೂನ್ ಕೂಡ ಇತ್ತು. ಹಾಗಿದ್ದರೆ ಅಷ್ಟು ಹಣ ಸುರಿದು ಆರ್ಗನ್ ಯಾಕೆ ಕೂರಿಸಿದರು?

ಒಂದು ಉತ್ತರ ಸುಲಭ. ಆಗಿನ ದೊಡ್ಡ ಥಿಯೇಟರಿನಲ್ಲಿ ಸಿನಿಮಾ ಇಡೀ ಸಂಜೆಯ ಒಂದು ಭಾಗ ಮಾತ್ರ. ನೃತ್ಯ, ವಾದ್ಯಗೋಷ್ಠಿ, ಸಭಿಕರೆಲ್ಲ ಸೇರಿ ಹಾಡುವುದು ಎಲ್ಲವೂ ಇರುತ್ತಿತ್ತು. ಆದರೆ ನನಗೆ ಅನ್ನಿಸುವುದು, ಅದಕ್ಕಿಂತ ಹೆಚ್ಚಾಗಿ, ಆರ್ಗನ್ ಇಲ್ಲದ ಥಿಯೇಟರನ್ನು ಆ ಜನ ಊಹಿಸಿಕೊಳ್ಳಲಾರದೆ ಹೋದರು ಎಂದು. ಸಾವಿರಾರು ಥಿಯೇಟರುಗಳಲ್ಲಿ ಕಿವಿತುಂಬ ಕೇಳಿದ ಮೇಲೆ ಅದಿಲ್ಲದ ಕಟ್ಟಡ ಗರ್ಭಗುಡಿಯಿಲ್ಲದ ಗುಡಿಯ ಹಾಗೆ ಕಂಡಿರಬೇಕು. ನಮ್ಮಲ್ಲಿಯೂ ಮೂಕಿ ಕಾಲದಲ್ಲಿ ಪರದೆಯ ಪಕ್ಕ ಪೇಟಿ, ತಬಲಾ ಇಟ್ಟುಕೊಂಡು ಕೂರುತ್ತಿದ್ದರು. 1934ರಲ್ಲಿ ಕನ್ನಡ ಸಿನಿಮಾ ಬಾಯಿ ಬಿಟ್ಟಾಗ ಆ ಜಮಖಾನೆ ಮಡಚಿಡುವುದು ಕಷ್ಟವಿರಲಿಲ್ಲ. ಪೇಟಿಯನ್ನು ಹೆಗಲಿಗೇರಿಸಿ ಮುಂದಿನ ಊರಿಗೆ ಹೋದರಾಯಿತು. ಗೋಡೆಗಳ ಒಳಗೆ ಕಟ್ಟಿದ 3,622 ಕೊಳವೆಗಳನ್ನು ಯಾರು ಎತ್ತಿಕೊಂಡು ಹೋಗುತ್ತಾರೆ?

ಥಿಯೇಟರಿನ ಹುಟ್ಟೇ ಅವೇಳೆಯದು. ಶ್ರೈನರ್ ಎಂಬ ಭ್ರಾತೃತ್ವ ಸಂಘದ ಅಲ್ಲಿನ ಶಾಖೆಯಾದ ಯಾರಬ್ ಟೆಂಪಲ್‌ನವರು ತಮ್ಮ ಕೇಂದ್ರ ಕಚೇರಿಗಾಗಿ ಗುಮ್ಮಟ, ಮಿನಾರುಗಳ ಈ ಕಟ್ಟಡ ಶುರುಮಾಡಿ, ಹಣ ಸಾಲದೆ ಸಭಾಂಗಣವನ್ನು ಫಾಕ್ಸ್ ಅವರಿಗೆ ಗೇಣಿಗೆ ಕೊಟ್ಟಿದ್ದರು. ಬಾಗಿಲು ತೆರೆಯುವ ಎರಡು ತಿಂಗಳ ಹಿಂದೆ ಷೇರುಪೇಟೆ ಕುಸಿದಿತ್ತು. 125 ವಾರಗಳಲ್ಲಿ ಥಿಯೇಟರ್ ಮುಚ್ಚಿತು. ಮುಂದೆ ಬೇರೆಯವರ ಕೈಯಲ್ಲಿ ಮತ್ತೆ ತೆರೆದು, ಹಲವು ದಶಕ ಚೆನ್ನಾಗಿಯೇ ನಡೆಯಿತು. ಆರ್ಗನ್ ಅಷ್ಟು ಕಾಲ ತಾಳಲಿಲ್ಲ. ಐವತ್ತರ ದಶಕದ ನಡುವೆ ಅದು ನುಡಿಯುವ ಸ್ಥಿತಿಯಲ್ಲಿರಲಿಲ್ಲ. ತೊಗಲು ಒಣಗಿ ಸೀಳಿತ್ತು, ಧೂಳು ಕುಳಿತಿತ್ತು. ಅದೇ ಕಾಲದಲ್ಲಿ ಅಮೆರಿಕದ ಉಳಿದ ಥಿಯೇಟರುಗಳಲ್ಲಿ ಆರ್ಗನ್‌ಗಳನ್ನು ಕಿತ್ತು ಚರ್ಚುಗಳಿಗೆ, ಶ್ರೀಮಂತರ ಮನೆಗಳಿಗೆ, ಗುಜರಿಗೆ ಮಾರುತ್ತಿದ್ದರು. ಸಾವಿರಾರು ಆರ್ಗನ್‌ಗಳಿದ್ದ ದೇಶದಲ್ಲಿ ಹುಟ್ಟಿದ ಜಾಗದಲ್ಲೇ ಉಳಿದುಕೊಂಡವು ಕೆಲವೇ ಡಜನ್.

ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಬಣ್ಣದ ಆ ಆಕಾಶದ ಕೆಳಗೆ ಎಲ್ಲರೂ ಒಂದೇ ಬಾಗಿಲಿನಿಂದ ಬರುತ್ತಿರಲಿಲ್ಲ. ಆಫ್ರಿಕನ್-ಅಮೆರಿಕನ್ನರಿಗೆ ಬೇರೆ ಟಿಕೆಟ್ ಕಿಂಡಿ, ಹೊರಗಿನಿಂದಲೇ ಮೇಲಕ್ಕೆ ಹತ್ತುವ ಬೇರೆ ದಾರಿ, ತೀರ ಎತ್ತರದ ಗ್ಯಾಲರಿಯಲ್ಲಿ ಬೇರೆ ಜಾಗ. 1962ರವರೆಗೂ ಹೀಗೇ ಇತ್ತು. ಪ್ರವಾಸದ ಗುಂಪಿನೊಂದಿಗೆ ಹೋದಾಗ ಆ ಮೆಟ್ಟಿಲುಗಳನ್ನು ನೋಡಿದೆ. ಅಷ್ಟು ಮೇಲಿನಿಂದ ನುಡಿಸುವವರ ತಲೆ ಎಳ್ಳಿನ ಕಾಳಿನಷ್ಟು ಕಾಣುತ್ತಿದ್ದಿರಬೇಕು. ಸದ್ದು ಮಾತ್ರ ಎಲ್ಲಕ್ಕಿಂತ ಚೆನ್ನಾಗಿ ಅಲ್ಲಿಗೇ ತಲುಪುತ್ತದೆ ಎಂದು ಗುಂಪಿನಲ್ಲಿದ್ದ ಹಿರಿಯರೊಬ್ಬರು ನನ್ನ ಕಡೆ ತಿರುಗಿ ಹೇಳಿದರು. ಅವರು ಎಲ್ಲಿ ಕುಳಿತು ಕೇಳಿದ್ದರು ಎಂದು ನಾನು ಕೇಳಲಿಲ್ಲ.

ಎಕ್ಸ್‌ರೇ ಯಂತ್ರಗಳ ಮನುಷ್ಯ

ಗ್ಯಾಲರಿಯ ಗೋಡೆ ಬಿದ್ದ ಕಾಲದಲ್ಲೇ ಜೋ ಪ್ಯಾಟನ್ ಎಂಬವರು ಆರ್ಗನ್ ಕೋಣೆಗಳಿಗೆ ಇಳಿದರು. ಎಕ್ಸ್‌ರೇ ಯಂತ್ರಗಳ ಕೆಲಸ ಅವರ ಹೊಟ್ಟೆಪಾಡು. ಯಂತ್ರದ ಒಳಗನ್ನು ನೋಡುವುದು ಅವರ ಸ್ವಭಾವ. ಥಿಯೇಟರಿನವರನ್ನು ಒಪ್ಪಿಸಿ, ಆರ್ಗನ್ ಪ್ರಿಯರ ಸಂಘದ ಗೆಳೆಯರನ್ನು ಕಟ್ಟಿಕೊಂಡು ದುಡಿದರು. ಸುಮಾರು ಹತ್ತು ತಿಂಗಳು ಹಿಡಿಯಿತು. 1963ರ ಕೊನೆಗೆ ಮೈಟಿ ಮೋ ಮತ್ತೆ ಮೇಲೆದ್ದು ಬಂತು. ರೇಡಿಯೊ ಉದ್ಘೋಷಕರಾಗಿದ್ದ ಬಾಬ್ ವ್ಯಾನ್ ಕ್ಯಾಂಪ್ ನುಡಿಸಿದರು, ಮುಂದೆ ವರ್ಷಗಟ್ಟಲೆ ಸಿನಿಮಾಕ್ಕೆ ಮೊದಲು ಜನರನ್ನು ಹಾಡಿಸಿದರು.

ಆ ಹತ್ತು ತಿಂಗಳನ್ನು ನಾನು ಆಗಾಗ ಊಹಿಸಿಕೊಳ್ಳುತ್ತೇನೆ. ಆರ್ಗನ್ನಿನ ಶ್ರುತಿ ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ಕೆಳಗೆ ಕೀ ಒತ್ತಿ ಹಿಡಿದಿರಬೇಕು, ಇನ್ನೊಬ್ಬರು ಗೋಡೆಯ ಹಿಂದೆ ಏಣಿಯ ಮೇಲೆ ನಿಂತು ಕೊಳವೆಯ ತುದಿಯನ್ನು ಕೂದಲೆಳೆಯಷ್ಟು ತಟ್ಟಬೇಕು. "ಮುಂದಿನದು" ಎಂದು ಕೂಗಿದರೆ ಮುಂದಿನ ಕೀ. ಸೆಕೆಯಾದರೆ ಕೊಳವೆಗಳ ಶ್ರುತಿ ಏರುತ್ತದೆ, ತಂಪಾದರೆ ಇಳಿಯುತ್ತದೆ; ಪ್ರದರ್ಶನದ ಹೊತ್ತಿನ ಹವೆ ನೋಡಿಕೊಂಡು ಕೂಡಿಸಬೇಕು. 3,622 ಬಾರಿ "ಮುಂದಿನದು". ಹಾಗೆ ಕೂಗಿ ಕೂಗಿ ಒಂದೊಂದು ಕೊಳವೆಯ ಗುಣವೂ, ಕಟ್ಟಡದ ಒಂದೊಂದು ಓಣಿಯೂ, ತಂತಿ ಎಲ್ಲಿ ತಿರುಗುತ್ತದೆ, ಮಳೆ ನೀರು ಎಲ್ಲಿ ಸೋರುತ್ತದೆ ಎನ್ನುವುದೂ ಪ್ಯಾಟನ್ ಅವರಿಗೆ ಗೊತ್ತಾಗಿಹೋಯಿತು.

1974ರಲ್ಲಿ ಸದರ್ನ್ ಬೆಲ್ ಟೆಲಿಫೋನ್ ಕಂಪನಿ ತನ್ನ ಕೇಂದ್ರ ಕಚೇರಿ ಕಟ್ಟಲು ಆ ಜಾಗ ಕೇಳಿತು. ಜನ ದೊಡ್ಡ ಥಿಯೇಟರಿಗೆ ಬರುವುದನ್ನು ಬಿಟ್ಟಿದ್ದರು, ಒಡೆಯರಿಗೆ ಮಾರುವುದೇ ಲಾಭವಾಗಿ ಕಂಡಿತ್ತು. 1975ರ ಜನವರಿಯಲ್ಲಿ ಸಿನಿಮಾ ನಿಂತಿತು. ಟೆಲಿಫೋನಿನ ತಂತಿಯಿಂದ ಹುಟ್ಟಿದ ವಾದ್ಯದ ಮೇಲೆ ಟೆಲಿಫೋನಿನ ಕಟ್ಟಡವೇ ಬಂದು ಕೂರುವುದಿತ್ತು. ಆಗ ಮೊದಲು ಓಡಾಡಿದವರಲ್ಲಿ ಈ ಆರ್ಗನ್ ಮನುಷ್ಯ ಒಬ್ಬರು. ಅಟ್ಲಾಂಟಾ ಲ್ಯಾಂಡ್‌ಮಾರ್ಕ್ಸ್ ಎಂಬ ಸಂಸ್ಥೆ ಹುಟ್ಟಿತು. ಮೇಯರ್ ಮೇನಾರ್ಡ್ ಜಾಕ್ಸನ್ ಕೆಡವುವ ಪರವಾನಗಿಯನ್ನು ತಡೆಹಿಡಿದರು. ಆ ಊರಿನ ಮೊದಲ ಆಫ್ರಿಕನ್-ಅಮೆರಿಕನ್ ಮೇಯರ್ ಅವರು, ಹೊರಗಿನ ಮೆಟ್ಟಿಲುಗಳ ಕತೆ ತಿಳಿಯದವರಲ್ಲ. ಜನ ಚಂದಾ ಎತ್ತಿದರು, ಗಾಯಕರು ಹಾಡಿ ಹಣ ಕೂಡಿಸಿದರು. ಕಂಪನಿಗೆ ಪಕ್ಕದ ಜಾಗ ಕೊಟ್ಟು ಥಿಯೇಟರನ್ನು ಬಿಡಿಸಿಕೊಂಡರು. 18 ಲಕ್ಷ ಡಾಲರ್ ಸಾಲ 1978ರ ಹೊತ್ತಿಗೆ ತೀರಿತು.

ಇದನ್ನು ಓದಿದಾಗ ನನಗಾದ ಅಚ್ಚರಿ ಇನ್ನೂ ಆರಿಲ್ಲ. ಕಟ್ಟಡ ಉಳಿದದ್ದರಿಂದ ಆರ್ಗನ್ ಉಳಿಯಿತು ಎಂದೇ ನಾನು ತಿಳಿದಿದ್ದೆ. ಕ್ರಮ ಅದಲ್ಲ. ವ್ಯಾಪಾರದ ಕಣ್ಣಿಗೆ ಎಳ್ಳಷ್ಟೂ ಬೇಡವಾಗಿದ್ದ ಆ ವಾದ್ಯವನ್ನು ಹನ್ನೆರಡು ವರ್ಷ ಮೊದಲೇ ಕೆಲವರು ಕೈಗೆತ್ತಿಕೊಂಡಿದ್ದರು, ಅದರ ಮೂಲಕ ಕಟ್ಟಡ ಅವರ ಮನೆಯಾಗಿತ್ತು. ಕೆಡವುತ್ತಾರಂತೆ ಎಂಬ ಸುದ್ದಿ ಬಂದಾಗ ಊರಿಗೆ ಅದು ಪೇಪರಿನ ಸುದ್ದಿ, ಅವರಿಗೆ ಎದೆಗೆ ಬಿದ್ದ ಏಟು. ಬೆಂಗಳೂರಿನಲ್ಲಿ ಕಪಾಲಿ ಥಿಯೇಟರ್ ನೆಲಸಮವಾದಾಗ ನಾವೆಲ್ಲ ಫೋಟೊ ಹಾಕಿ ನಿಟ್ಟುಸಿರು ಬಿಟ್ಟೆವು. ನಮ್ಮ ಹೃದಯ ಕಲ್ಲಾಗಿತ್ತು ಎಂದಲ್ಲ. ಅದರ ಹೊಟ್ಟೆಯೊಳಗೆ ಇಳಿದು ಬಲ್ಲವರು, ಕೆಡವುವ ಹತ್ತು ವರ್ಷ ಮೊದಲಿನಿಂದ ಅಲ್ಲಿ ಓಡಾಡಿಕೊಂಡಿದ್ದವರು ನಮ್ಮಲ್ಲಿ ಇರಲಿಲ್ಲ.

ಪ್ಯಾಟನ್ ಮುಂದೆ ಥಿಯೇಟರಿನ ಒಳಗೇ, ಖಾಲಿ ಬಿದ್ದಿದ್ದ ಕಚೇರಿಯ ಜಾಗವನ್ನು ತಮ್ಮ ಕೈಯಾರೆ ಮನೆ ಮಾಡಿಕೊಂಡು ವಾಸವಿದ್ದರು. ಮದುವೆಯಾದದ್ದು ಕಟ್ಟಡವನ್ನೇ ಎಂದು ಜನ ಮಾತನಾಡಿಕೊಳ್ಳುವಷ್ಟು. 1996ರ ಏಪ್ರಿಲಿನ ಒಂದು ಬೆಳಗಿನ ಜಾವ ಬೆಂಕಿ ಬಿದ್ದಾಗ ಒಳಗಿದ್ದವರು ಅವರು. ಯಾವ ಓಣಿಯಿಂದ ಎಲ್ಲಿಗೆ ಹೋಗಬೇಕೆಂದು ಅಗ್ನಿಶಾಮಕದವರಿಗೆ ದಾರಿ ತೋರಿಸಲು ಅವರಿದ್ದರು. 2016ರಲ್ಲಿ, 89ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಬಚ್ಚಲ ಒಲೆ

ಅಜ್ಜನ ಆರ್ಗನ್ನಿನ ಕತೆಯನ್ನು ಇಲ್ಲಿಯವರೆಗೂ ಮುಂದೂಡುತ್ತ ಬಂದೆ. ಕಂಪನಿ ನಿಂತುಹೋದಾಗ ಬಾಕಿ ಸಂಬಳದ ಬದಲು ಅದನ್ನು ಅಜ್ಜನಿಗೆ ಕೊಟ್ಟರು. ಬಸ್ಸಿನ ಟಾಪಿನ ಮೇಲೆ ಊರಿಗೆ ಬಂತು, ಪಡಸಾಲೆಯಲ್ಲಿ ನಿಂತಿತು. ಸಂಜೆ ದೀಪ ಹಚ್ಚಿದ ಮೇಲೆ ಒಂದೆರಡು ಪದ ನುಡಿಸುತ್ತಿದ್ದ. ಅಷ್ಟರಲ್ಲಿ ಜಾತ್ರೆಯ ನಾಟಕಗಳಿಗೆ ಕೀಬೋರ್ಡ್ ಬಂದಿತ್ತು. ಯಾವುದೇ ಇರಲಿ, ಜನ ಕ್ಯಾಸಿಯೊ ಎಂದೇ ಕರೆಯುತ್ತಿದ್ದರು. ಯಾರೂ ಅಜ್ಜನನ್ನು ಕರೆಯಲು ಬರಲಿಲ್ಲ. ಅವನು ಹೋದ ಮೇಲೆ ಆರ್ಗನ್ನಿನ ಮೇಲೆ ಮೊದಲು ರೇಡಿಯೊ ಬಂತು, ಆಮೇಲೆ ಜೋಳದ ಬೀಜದ ಚೀಲ. ಇಲಿಗಳು ತಿದಿಯ ತೊಗಲನ್ನು ತಿಂದವು. 1998ರಲ್ಲಿ ಮನೆ ಬಿಚ್ಚಿ ಕಟ್ಟುವಾಗ ಒಳಗಿನ ಹಿತ್ತಾಳೆಯನ್ನು ಗುಜರಿಯವನು ತೂಕಕ್ಕೆ ಹಾಕಿಕೊಂಡ. ಮರದ ಹಲಗೆಗಳು ಬಚ್ಚಲ ಒಲೆಗೆ ಹೋದವು. ಆಗ ನನಗೆ ಇಪ್ಪತ್ತೆರಡು ವರ್ಷ, ಅಂಗಳದಲ್ಲೇ ನಿಂತಿದ್ದೆ, ನೋಡುತ್ತಿದ್ದೆ. ಬೇಡ ಎನ್ನಬಹುದಿತ್ತು. ಬೇಡ ಎಂದಿದ್ದರೆ ಅಪ್ಪ ಖಂಡಿತ ನಿಲ್ಲಿಸುತ್ತಿದ್ದರು. ಆ ಬಿಸಿನೀರಿನಲ್ಲಿ ಮರುದಿನ ತಲೆಸ್ನಾನ ಮಾಡಿದ್ದೂ ನೆನಪಿದೆ.

ಹೋದ ಬೇಸಿಗೆಯಲ್ಲಿ ಅವ್ವ ಬಾಗಲಕೋಟೆಯಿಂದ ಬಂದಿದ್ದಳು. ಮೂರು ತಲೆಮಾರು ಒಟ್ಟಿಗೆ ಫಾಕ್ಸ್ ಥಿಯೇಟರಿಗೆ ಹೋದೆವು. ಮಗಳು ಈಗ ಕಾಲೇಜಿನಲ್ಲಿದ್ದಾಳೆ. ಮುಂದಿನ ಸಾಲುಗಳಲ್ಲಿ ಒಂದು ಬದಿಗೆ ಜಾಗ ಸಿಕ್ಕಿತ್ತು, ನುಡಿಸುವವರ ಕಾಲು ಅಲ್ಲಿಂದ ಚೆನ್ನಾಗಿ ಕಾಣುತ್ತಿತ್ತು. ಆರ್ಗನ್ ಮೇಲೆದ್ದು ಬಂದಾಗ ಅವ್ವ ಸೆರಗು ಬಿಗಿದುಕೊಂಡು ಮುಂದಕ್ಕೆ ಬಾಗಿದಳು, ಕೊನೆಯವರೆಗೂ ಒರಗಲಿಲ್ಲ. ನಾನು ಅವಳಿಗೆ ಕೊಳವೆಗಳ ಲೆಕ್ಕ, ಹಕ್ಕಿಯ ಬಟ್ಟಲು ಎಲ್ಲ ಹೇಳಬೇಕೆಂದುಕೊಂಡಿದ್ದೆ. ವಾದ್ಯ ಕೆಳಗಿಳಿದು ದೀಪಗಳು ಆರುವ ಮೊದಲೇ ಅವಳು ನನ್ನ ಮೊಣಕೈ ಹಿಡಿದು ಕೇಳಿದಳು.

"ಇದಕ್ಕೆ ತೊಗಲು ಹಾಕುವವರು ಯಾರು?"

ತೊಗಲಿನ ವಿಷಯ ನಿನಗೆ ಹೇಗೆ ಗೊತ್ತು ಎಂದೆ. ಅವ್ವ ನನ್ನನ್ನು ವಿಚಿತ್ರವಾಗಿ ನೋಡಿದಳು. "ನಿಮ್ಮ ಅಜ್ಜನಿಗೆ ಕಣ್ಣು ಮಂಜಾದ ಮೇಲೆ ಪೇಟಿಗೆ ತೊಗಲು ಹಚ್ಚಿಕೊಟ್ಟವಳು ನಾನೇ ಅಲ್ಲವೇ? ಮಾವನವರು ಬಾಯಲ್ಲಿ ಹೇಳುತ್ತಿದ್ದರು, ನಾನು ಮಾಡುತ್ತಿದ್ದೆ." ಪರದೆಯ ಬೆಳಕು ಮೂಡಿತು. ಮೊಮ್ಮಗಳು ಈ ಕಡೆಯಿಂದ ಬಾಗಿ, ಹೇಗೆ ಅಜ್ಜಿ ಎಂದು ಮೆಲ್ಲಗೆ ಕೇಳಿದಳು. ಅವ್ವ ತನ್ನ ಕರವಸ್ತ್ರವನ್ನು ತೊಡೆಯ ಮೇಲೆ ಹಾಸಿ, ಅದರ ಅಂಚನ್ನು ಹೆಬ್ಬೆರಳಿನ ಉಗುರಿನಿಂದ ಸವರಿ ತೋರಿಸತೊಡಗಿದಳು. ಆಡಿನ ತೊಗಲೇ ಆಗಬೇಕು. ಅಂಚನ್ನು ಕತ್ತಿಯಿಂದ ಹೆರೆದು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಮಾಡಬೇಕು. ದಪ್ಪ ಉಳಿದರೆ ಅಂಟು ಹಿಡಿಯುವುದಿಲ್ಲ, ಮಡಿಕೆಯ ಮೂಲೆಯಲ್ಲಿ ಗಾಳಿ ಸೋರುತ್ತದೆ.